ಸೊಂಟದ ಮೇಲೆ ಕಾಲಿಡುವ ಮುಂಚೆ

ಸೊಂಟ ಹಿಡಿದದ್ದು ಬಾವಿಯ ಹತ್ತಿರ. ತುಂಬಿದ ಕೊಡ ಎತ್ತುವಾಗ ಬೆನ್ನಿನ ಬುಡದಲ್ಲಿ ಏನೋ ಕಳಕ್ ಎಂದಿತು. ಕೂತವಳಿಗೆ ಏಳಲಾಗಲಿಲ್ಲ. ಆದರೆ ನಾನು ಹೆದರಿದ್ದು ನೋವಿಗಲ್ಲ. ನನಗಾಗ ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಅದು ಇಡೀ ಯಲಹಂಕದಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನ್ನ ಗಂಡನಿಗೂ.

ಯಾಕೆ ಹೇಳಲಿಲ್ಲ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಕೇಳುವುದಕ್ಕೇನು, ಸುಲಭ. ಹಿಂದಿನ ವರ್ಷ ಮೊದಲ ಸಲ ನಿಂತಾಗ ನಮ್ಮತ್ತೆ ಖುಷಿ ತಡೆಯಲಾರದೆ ಬೀದಿಗೆಲ್ಲ ಸಾರಿಬಿಟ್ಟಿದ್ದರು. ಅವರ ಬಾಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲ. ಸ್ವಲ್ಪ ದಿನಕ್ಕೇ ಬಸಿರು ಹೋಯಿತು. ಕಣ್ಣು ಬಿತ್ತು ಎಂದರು ಎಲ್ಲರೂ. ನಾನೂ ನಂಬಿದೆ. ಈ ಸಲ ಬಾಯಿ ಹೊಲಿದುಕೊಂಡೆ. ಅಷ್ಟೇ ಸಾಲದಲ್ಲ. ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿತ್ತಿಲ ಜಗಲಿಯ ಮೇಲೆ ಬೇರೆ ಕೂರಬೇಕಿತ್ತು, ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ಕೂರದಿದ್ದರೆ ಅತ್ತೆಗೆ ಗುಟ್ಟು ತಿಳಿದುಹೋಗುತ್ತದೆ. ಹಾಗಾಗಿ ಏನೂ ಆಗದಿದ್ದರೂ ಹೋಗಿ ಕೂತೆ.

ಯಾರ ಹತ್ತಿರ ತೋರಿಸುವುದು ಎಂದು ಮನೆಯಲ್ಲಿ ಚರ್ಚೆ ಶುರುವಾಯಿತು. ಅಲ್ಲಾಳಸಂದ್ರದಲ್ಲಿ ಒಬ್ಬಾಕೆಯಿದ್ದಳು, ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎನ್ನುವ ನಂಬಿಕೆ. ಗಂಡ ಅಲ್ಲಿಗೇ ಹೋಗೋಣ ಎಂದರು.

"ಒದೆಸ್ಕೊಳ್ಳೋಕೆ ಅವಳೇನು ಎತ್ತಾ?" ಎಂದರು ಅತ್ತೆ. "ಹುಣಸಮಾರನಹಳ್ಳಿ ಅವಯ್ಯನ ತಾವ ಓಗಾನ. ಮೂಳೆ ಕೂಡ್ಸದ್ರಲ್ಲಿ ಒಳ್ಳೆ ಕೈ. ಕೇಳ್ದೆ ಮೈಮೇಲೆ ಕೈ ಇಡೋ ಮನ್ಸನಲ್ಲ."

ಅದು ನಿಜವೇ. ಆತ ಕೇಳಿದರು. ಆದರೆ ಕೇಳಿದ್ದು ನನ್ನನ್ನಲ್ಲ.

ಎತ್ತಿನ ಗಾಡಿಯ ಪ್ರತಿ ಕುಲುಕಿಗೂ ಹೊಟ್ಟೆ ಹಿಡಿದುಕೊಂಡು ಹೋಗಿದ್ದೆ. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಸಿದರು. ಬಿಸಿ ಹರಳೆಣ್ಣೆಯ ವಾಸನೆಗೆ ವಾಕರಿಕೆ ಬಂತು, ನುಂಗಿಕೊಂಡೆ. ಸೊಸೆಯಾದವಳು ಅತ್ತೆಯೆದುರು ಪರಗಂಡಸಿನ ಜೊತೆ ಮಾತಾಡುವ ಪದ್ಧತಿ ಇರಲಿಲ್ಲ. ಎಲ್ಲಿ ನೋವು, ಯಾವಾಗಿಂದ, ಎಲ್ಲದಕ್ಕೂ ಅತ್ತೆಯದೇ ಉತ್ತರ. ಎಡಗಡೆಯ ನೋವನ್ನು ಬಲಗಡೆಗೆ ಹೇಳಿದರೂ ಸುಮ್ಮನಿದ್ದೆ.

"ಅಕ್ಕಾ, ಬಸುರಿ ಏನಲ್ವಲ್ಲ?" ಎಂದರು ಆತ. "ಕಾಲು ಕೊಟ್ಟು ಎಳೀಬೇಕು."

"ಎಲ್ಲಿ ಬಂತಪ್ಪ ಆ ಪುಣ್ಯ. ಮೊನ್ನೆ ತಾನೆ ಹೊರಗೆ ಕೂತಿದ್ಲು."

ನನ್ನ ಸುಳ್ಳು ಅತ್ತೆಯ ಬಾಯಿಂದ ಸತ್ಯವಾಗಿ ಹೊರಬಂತು. ಆತ ನನ್ನನ್ನು ಬೋರಲು ಮಲಗಿಸಿ, ಒಂದು ಭುಜ ಹಿಡಿದರು. ಪಾದ ಸೊಂಟಕ್ಕೆ ತಾಗಿತು. ಹೇಳಿದರೆ ನಾಳೆ ಬೀದಿಗೆಲ್ಲ ಗೊತ್ತಾಗುತ್ತದೆ, ಮತ್ತೆ ಕಣ್ಣು ಬೀಳುತ್ತದೆ. ಹೇಳದಿದ್ದರೆ ಇಲ್ಲೇ, ಈ ಚಾಪೆಯ ಮೇಲೆಯೇ ಹೋಗುತ್ತದೆ.

"ಬೇಡ," ಎಂದೆ.

ಪಾದ ನಿಂತಿತು. "ಯಾರಮ್ಮ ಬೇಡ ಅಂದಿದ್ದು?"

"ನಾನೇ. ಕಾಲು ತೆಗೀರಿ. ನಿಂತು ಎರಡು ತಿಂಗಳಾಯ್ತು."

"ಏನಮ್ಮಿ ಅಂಗಂದ್ರೆ?" ಎಂದರು ಅತ್ತೆ. "ಕೂತಿದ್ಯಲ್ಲ?"

"ಸುಮ್ನೆ ಕೂತಿದ್ದೆ."

ಆತ ಕಾಲು ತೆಗೆದು ದೂರ ಸರಿದರು. ಆಮೇಲೆ ನನ್ನ ಮುಖದ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಮೊದಲ ಸಲ ನನ್ನನ್ನೇ ಕೇಳಿದರು: "ಎಲ್ಲಿ ತಾಯಿ ನೋವು? ನೀನೇ ತೋರ್ಸು." ತೋರಿಸಿದೆ. ಎಳೆಯಲಿಲ್ಲ, ಒತ್ತಲಿಲ್ಲ. ಬಟ್ಟೆ ಬಿಸಿ ಮಾಡಿ ಶಾಖ ಕೊಡಿ, ಕೊಡ ಮುಟ್ಟಿಸಬೇಡಿ ಎಂದು ಹೇಳಿ ಕಳಿಸಿದರು.

ವಾಪಸು ದಾರಿಯುದ್ದಕ್ಕೂ ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಬೈದಿದ್ದರೆ ಧೈರ್ಯವಾಗುತ್ತಿತ್ತು. ಬಾಗಿಲಲ್ಲೇ ಪಕ್ಕದ ಮನೆಯಾಕೆ, "ಏನಂದ್ರು?" ಎಂದು ಕೇಳಿದಳು.

"ಏನಿಲ್ಲ, ಉಳುಕಂತೆ," ಎಂದು ಅತ್ತೆ ಒಳಗೆ ಹೋದರು.

ಅದೆಷ್ಟು ದಿನ ಬಾಯಲ್ಲಿ ನಿಲ್ಲುತ್ತದೋ ಎಂದು ಕಾಯುತ್ತಲೇ ಇದ್ದೆ. ಬಾವಿಕಟ್ಟೆಯಲ್ಲಿ ಯಾರು ನಕ್ಕರೂ ನನಗೆ ಗಾಬರಿ. ಹೀಗೇ ಮುಂದಿನ ತಿಂಗಳು ನಾನು ಕೂರಬೇಕಾದ ದಿನಗಳು ಬಂದವು. ಏನು ಮಾಡಲಿ ಎಂದು ತೋಚದೆ ಒಲೆಯ ಮುಂದೆ ನಿಂತಿದ್ದೆ. ಅತ್ತೆ ಹಿತ್ತಿಲ ಜಗಲಿಯ ಮೇಲೆ ತಾವೇ ಚಾಪೆ ಹಾಸಿ, ಪಕ್ಕದ ಮನೆಗೆ ಕೇಳುವ ಹಾಗೆ ಕೂಗಿದರು.

"ಏನಮ್ಮಿ, ಹೊರಗಾದ್ಯಾ? ನಿಂತೇ ಇದ್ಯಲ್ಲ, ಬಂದು ಕೂತ್ಕೊ."

ಹೋಗಿ ಕೂತೆ. ಅವರು ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದರು. ಬಿಸಿ ಮಾಡಿದ ಬಟ್ಟೆ ತಂದು, ಮುಟ್ಟಬಾರದ ನನ್ನ ಪಕ್ಕದಲ್ಲೇ ಕೂತು ಸೊಂಟಕ್ಕೆ ಇಟ್ಟರು.

"ನಂಗೂ ಭಯ ಕಣಮ್ಮಿ," ಎಂದರು ಮೆಲ್ಲಗೆ.