ದೃಷ್ಟಿ ಕಾಯಿ, ಬಾಡಿಗೆ ಕಾರು

ಕೇಳ್ರಪ್ಪಾ, ಇವತ್ತು ಬೆಳಿಗ್ಗೆ ಬಾಡಿಗೆ ಕಾರಿನ ದೀಪ ಒಡೆದೆ. ಕಾರು ಇನ್ನೂ ಮನೆ ಮುಂದಿನಿಂದ ಹೊರಟೇ ಇರಲಿಲ್ಲ.

ಬಾಣಂತನ ಮುಗಿಸಿದ ಮಗಳನ್ನೂ ಕೂಸನ್ನೂ ಶಿರಾಳಕೊಪ್ಪದಿಂದ ಆನವಟ್ಟಿಗೆ, ಅವಳ ಗಂಡನ ಮನೆಗೆ ಬಿಡಬೇಕಿತ್ತು. ಬಸ್ಸಿನಲ್ಲಿ ಕೂಸಿಗೆ ಕುಲುಕಾಟ ಎಂದು ನಿನ್ನೆಯೇ ಅಂಬಾಸಿಡರ್ ತಂದಿದ್ದೆ. ಓಡಿಸುವವನು ನಾನೇ. ಮಾಲೀಕ ಆಗಲೇ ಹೇಳಿದ್ದ: "ಯಜಮಾನ್ರೇ, ಏನಾರ ಪೆಟ್ಟಾದ್ರೆ ಮೊದಲ್ನೇ ಸಾವಿರ ರೂಪಾಯಿ ಇನ್ಶೂರೆನ್ಸ್‌ನೋರು ಕೊಡಲ್ಲ, ನಿಮ್ಮ ತಲಿಗೇ ಬರ್ತತಿ. ಈಗ ಐವತ್ತು ಜಾಸ್ತಿ ಕೊಟ್ಬಿಡ್ರಿ, ಆ ಖರ್ಚು ನಂದು."

"ಟ್ರ್ಯಾಕ್ಟರ್ ಓಡ್ಸಿ ತಲೆ ನರೆತೈತಿ, ನಂಗೇ ಹೇಳ್ತೀಯೇನೋ?" ಎಂದು ಗದರಿ ಬಂದಿದ್ದೆ.

ಇವತ್ತು ತಾಯಿ, ಕೂಸು ಕಾರು ಹತ್ತಿದ ಮೇಲೆ ದೃಷ್ಟಿ ತೆಗೆಯಲು ಕಾಯಿ ನಿವಾಳಿಸಿ ಕಾರಿನ ಮುಂದಿದ್ದ ಕಲ್ಲಿಗೆ ಬೀಸಿದೆ. ಅದು ನೆಟ್ಟಗೆ ದೀಪಕ್ಕೇ ಬಡಿಯಿತು. ಸಾವಿರ ರೂಪಾಯಿ ಹೋಯಿತೆಂದು ಕಲ್ಲಿಗೂ ಕಾಯಿಗೂ ಬೈಯತೊಡಗಿದೆ.

ಹೆಂಡತಿ ಬಂದು, "ಕೂಗಾಡಬ್ಯಾಡ್ರಿ. ಆ ಐವತ್ತು ನಿನ್ನೆ ಸಂಜೆನೇ ನಾ ಕೊಟ್ಟು ಬಂದೀನಿ" ಎಂದಳು.

"ನಾ ಗಾಡಿ ಓಡ್ಸೋದ್ರ ಮೇಲೆ ನಂಬಿಕೆ ಇಲ್ಲೇನೇ?"

"ಅದ್ರ ಮೇಲೆ ಐತ್ರೀ. ಮಗಳನ್ನ ಕಳ್ಸೋ ದಿನ ನಿಮ್ಮ ಕೈ ನಡುಗ್ತತಿ. ಅವಳ ಮದ್ವಿ ದಿನ ನೋಡೀನಲ್ಲ."

ಹೋಗಿ ಸ್ಟೀರಿಂಗ್ ಹಿಡಿದೆ. ಆನವಟ್ಟಿಯವರೆಗೆ ಸೈಕಲ್‌ನವರೂ ನಮ್ಮನ್ನು ಹಿಂದೆ ಹಾಕಿ ಹೋದರು.

ಸಂಜೆ ಕಾರು ವಾಪಸ್ ಕೊಡುವಾಗಲೇ, ಯುಗಾದಿಗೆ ಇಬ್ಬರನ್ನೂ ಕರೆತರಲು ಅದೇ ಕಾರು ಹೇಳಿದ್ದೇನೆ. ಈ ಸಲ ಆ ಐವತ್ತನ್ನು ನಾನೇ ಮುಂಚೆ ಕೊಟ್ಟೆ. ಕರೆತಂದ ಮೇಲೆ ಮತ್ತೆ ಕಳಿಸಬೇಕಲ್ಲ, ಹಾಳಾದ್ದು.