ಬೆಳೆಹಬ್ಬದಂದು ಹೇಳಿದ ಸಾಕ್ಷಿ

ಡಾಕ್ಟರು ಹೇಳಿದ್ದು ಇಷ್ಟು: "ಈಗಿನ ಸ್ಕ್ಯಾನಿನಾಗ ಏನೂ ಕಾಣಾಕತ್ತಿಲ್ರಿ. ಆದ್ರೂ ಮೂರು ತಿಂಗಳಿಗೊಮ್ಮೆ ತಪ್ಪದ ಬರಬೇಕು."

ಹನ್ನೆರಡು ದಿನಗಳ ನಂತರ ದೇವಾಲಯದಲ್ಲಿ ಎದ್ದುನಿಂತು ನಾನು ಹೇಳಿದ್ದು ಇಷ್ಟು: "ಕರ್ತನು ನನ್ನ ತಂಗಿಯನ್ನು ಪೂರ್ಣವಾಗಿ ಗುಣಪಡಿಸಿದ್ದಾನೆ. ಅವಳ ದೇಹದಲ್ಲಿ ಆ ರೋಗ ಇನ್ನಿಲ್ಲ."

ಮೊದಲನೆಯ ಮಾತು ಎರಡನೆಯದಾಗಿ ಹೇಗೆ ಬದಲಾಯಿತು ಎಂದು ಎಷ್ಟೋ ಸಲ ಹಿಂದಕ್ಕೆ ಹೋಗಿ ನೋಡಿದ್ದೇನೆ. ಬೇಕೆಂದು ಸುಳ್ಳು ಹೇಳಿದ ನೆನಪಿಲ್ಲ. ಪಕ್ಕದ ಮನೆಯವರಿಗೆ ಸುದ್ದಿ ಹೇಳುವಾಗ "ಈಗಿನ" ಎಂಬುದು ಬಿಟ್ಟುಹೋಯಿತು. ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳುವಾಗ "ಕಾಣುತ್ತಿಲ್ಲ" ಎಂಬುದು "ಇಲ್ಲ" ಎಂದಾಯಿತು. ಮೂರು ತಿಂಗಳಿಗೊಮ್ಮೆ ಬರಬೇಕು ಎಂಬ ಮಾತನ್ನು ಯಾರಿಗೂ ಹೇಳಲೇ ಇಲ್ಲ, ಯಾರೂ ಕೇಳಲೂ ಇಲ್ಲ. ಬೆಳೆಹಬ್ಬದ ಹೊತ್ತಿಗೆ ನನ್ನ ಬಾಯಲ್ಲಿ ಉಳಿದದ್ದು ಆ ಎರಡನೆಯ ಮಾತೇ ಆಗಿತ್ತು.

ನಾನು ಹುಬ್ಬಳ್ಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದವಳು. ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ತಂಗಿ ಉಣಕಲ್ಲಿನ ನನ್ನ ಎರಡು ಕೋಣೆಯ ಮನೆಗೆ ಬಂದಳು. ಅವಳಿಗೆ ಮಕ್ಕಳಿರಲಿಲ್ಲ. ನಮ್ಮದು ನಾಲ್ಕು ತಲೆಮಾರಿನಿಂದ ಕ್ರೈಸ್ತ ಮನೆತನ. ಮುತ್ತಜ್ಜ ಮಿಶನ್ನಿನ ಮಗ್ಗದಲ್ಲಿ ನೇಯುತ್ತಿದ್ದನಂತೆ. ನಮ್ಮ ಸಭೆ ಗದ್ದಲದ ಸಭೆಯಲ್ಲ. ಕೀರ್ತನೆ ಹಾಡುತ್ತೇವೆ, ಪ್ರಸಂಗ ಕೇಳುತ್ತೇವೆ, ಮನೆಗೆ ಹೋಗಿ ಊಟ ಮಾಡುತ್ತೇವೆ. ಎದ್ದುನಿಂತು ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳುವ ಪದ್ಧತಿ ಇತ್ತೀಚೆಗೆ ಬಂದದ್ದು. ಅದಕ್ಕೆ ನಾವು ಸಾಕ್ಷಿ ಎನ್ನುತ್ತೇವೆ.

ತಂಗಿಗೆ ಎದೆಯ ಕ್ಯಾನ್ಸರ್ ಆಗಿತ್ತು. ಆಪರೇಶನ್ ಆಯಿತು, ಆರು ಸಲ ಕೀಮೋ ಆಯಿತು. ನೆಟ್ಟಗಿದ್ದ ಕೂದಲು ಉದುರಿ, ಮತ್ತೆ ಬರುವಾಗ ಗುಂಗುರಾಗಿ ಬಂತು. ಬೆಳೆಹಬ್ಬದಲ್ಲಿ ಹೊಲ ಇದ್ದವರು ಜೋಳ, ಕಡಲೆ ತರುತ್ತಾರೆ. ಇಲ್ಲದವರು ಹಿತ್ತಲಲ್ಲಿ ಬೆಳೆದದ್ದನ್ನು ತರುತ್ತಾರೆ. ಪೂಜಾಪೀಠದ ಮುಂದೆ ಎಲ್ಲವನ್ನೂ ಇಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು ಕೂಗಿ ಹರಾಜು ಮಾಡುತ್ತಾರೆ. ತಂಗಿ ನಮ್ಮ ಹಿತ್ತಲ ಬಳ್ಳಿಯ ಒಂದು ಕುಂಬಳಕಾಯಿ ತಂದಿದ್ದಳು. ನನ್ನ ಸಾಕ್ಷಿ ಕೇಳಿದ ಮೇಲೆ ಜನ ಅದಕ್ಕೆ ಮುಗಿಬಿದ್ದರು. ಕೊನೆಗೆ ಸ್ತ್ರೀಯರ ಸಂಘದ ಹಿರಿಯಕ್ಕ ಅದನ್ನು ಪಡೆದು, ಅಲ್ಲೇ ಕೊಯ್ಯಿಸಿ, ಹೋಳು ಹೋಳಾಗಿ ಎಲ್ಲರ ಮನೆಗೂ ಹಂಚಿದರು. ನಮ್ಮಲ್ಲಿ ಪ್ರಸಾದವಿಲ್ಲ. ಆ ದಿನ ಅದು ಪ್ರಸಾದವೇ ಆಯಿತು.

"ನನಗಿಂತ ಕುಂಬಳಕಾಯಿಗೇ ಮರ್ಯಾದಿ ಭಾಳ ಆತಲ್ಲಕ್ಕಾ," ಎಂದಳು ತಂಗಿ ಬಸ್ಸಿನಲ್ಲಿ.

ನಂತರ ಮನೆ ಮನೆಯ ಪ್ರಾರ್ಥನಾ ಕೂಟಗಳಿಗೆ ಅವಳನ್ನು ಕರೆದೊಯ್ಯತೊಡಗಿದರು. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಅವಳು ಅಲ್ಲಿ ಕೂತಿದ್ದರೇ ಸಾಕಾಗಿತ್ತು. ಕಮರಿಪೇಟೆಯ ಒಂದು ಮನೆಯಲ್ಲಿ ಸಂಘದ ಹಿರಿಯಕ್ಕ ತಂಗಿಯ ಕೈ ಹಿಡಿದು ತಮ್ಮ ಎಡಗಂಕುಳ ಕೆಳಗೆ ಇಟ್ಟುಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದನ್ನು ನೋಡಿದೆ. ವಾಯು ಹಿಡಿದಿರಬೇಕು ಅಂದುಕೊಂಡೆ.

ಫೆಬ್ರುವರಿಯಲ್ಲಿ ತಂಗಿ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿಕೊಳ್ಳತೊಡಗಿದಳು. ಕೇಳಿದರೆ, "ನಡಾ ಹಿಡದೈತಿ. ನೀರಿನ ಕೊಡ ಎತ್ತಿದ್ನೆಲ್ಲಾ," ಎಂದಳು. ತಪಾಸಣೆ ಇರುತ್ತಿದ್ದುದು ಮಂಗಳವಾರ. ನನಗೆ ಶಾಲೆ. "ನಾ ಒಬ್ಬಾಕಿನ ಹೋಗಿ ಬರ್ತೇನಿ," ಎಂದು ಹೊರಟಳು. ಸಂಜೆ ಶಾಲೆಯಿಂದ ಬಂದು ಏನಂದರು ಎಂದು ಕೇಳಿದೆ.

"ಏನನ್ನಾಕೈತಿ? ಆರಾಮ ಅದೀರಿ ಅಂದ್ರು. ನನ್ನ ಮಾರಿ ನೋಡಿ ನೋಡಿ ಡಾಕ್ಟರ್‌ಗೂ ಬ್ಯಾಸರಾಗಿರಬೇಕು."

ಮೇ ತಿಂಗಳಲ್ಲಿ ನನಗೆ ರಜೆಯಿದ್ದರೂ ಒಬ್ಬಳೇ ಹೋಗಿ ಬಂದಳು, ಆಗಲೂ ಇದೇ ಮಾತು. ನಾನು ಫೈಲು ತೆಗೆದು ನೋಡಲಿಲ್ಲ. ಮೂವತ್ತೊಂದು ವರ್ಷ ಮಕ್ಕಳ ಪಾಟಿಯ ಮೇಲಿನ ಒಂದೊಂದು ಅಕ್ಷರ ತಿದ್ದಿದ ನಾನು ಆ ಫೈಲು ತೆಗೆಯಲಿಲ್ಲ.

ಆಗಸ್ಟಿನ ಮೊದಲ ಭಾನುವಾರ ಕರ್ತನ ಭೋಜನವಿತ್ತು. ನಮ್ಮಲ್ಲಿ ಪೀಠದ ಮುಂದೆ ಅಡ್ಡಲಾಗಿರುವ ಮರದ ಕಟಾಂಜನದ ಬಳಿ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತೇವೆ. ತಂಗಿ ನನ್ನ ಎಡಕ್ಕೆ ಮೊಣಕಾಲೂರಿದಳು. ಸಾಲಿನವರೆಲ್ಲ ಎದ್ದರು, ಅವಳು ಏಳಲಿಲ್ಲ. ಹಿಂದಿನ ಸಾಲು ಬಂದು ನಿಂತಿತು. ತಲೆ ಬಗ್ಗಿಸಿಕೊಂಡೇ ಇದ್ದಳು. ಭಕ್ತಿ ಉಕ್ಕಿದೆ ಎಂದು ಎಲ್ಲರೂ ಕಾದರು. ಯಾರೋ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಬಗ್ಗಿ ನೋಡಿದಾಗ ಅವಳ ಎರಡೂ ಕೈಗಳು ಕಟಾಂಜನವನ್ನು ಹಿಡಿದಿದ್ದವು. ಗೆಣ್ಣುಗಳು ಬೆಳ್ಳಗಾಗಿದ್ದವು. "ಅಕ್ಕಾ, ಏಳಾಕ ಬರವಲ್ದು," ಎಂದಳು, ನನಗೆ ಮಾತ್ರ ಕೇಳುವಷ್ಟು ಸಣ್ಣಗೆ.

ಮಂಗಳವಾರ ನಾನೇ ಜೊತೆಗೆ ಹೋದೆ. ರೋಗ ಸೊಂಟದ ಎಲುಬಿಗೂ ಬೆನ್ನಿಗೂ ಹಬ್ಬಿತ್ತು. ಡಾಕ್ಟರು ಫೈಲು ತಿರುವಿದರು. ಕೊನೆಯ ಹಾಳೆ ನವೆಂಬರಿನದು.

"ಫೆಬ್ರುವರಿಗೆ ಬರಲಿಲ್ಲ, ಮೇಕ್ಕೂ ಬರಲಿಲ್ಲ. ಯಾಕ್ರಿ?"

ತಂಗಿ ಮೇಜಿನ ಮೇಲಿನ ಕ್ಯಾಲೆಂಡರು ನೋಡುತ್ತಿದ್ದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನು ನವೆಂಬರಿನ ಹಾಳೆಯನ್ನೇ ನೋಡುತ್ತಿದ್ದೆ. ನೋವು ಕಡಿಮೆ ಮಾಡಬಹುದು, ಇನ್ನೆಷ್ಟು ತಿಂಗಳು ಎಂದು ಹೇಳಲಾಗದು ಎಂದರು. ಮೊದಲೇ ಬಂದಿದ್ದರೆ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ಮನೆಗೆ ಆಟೋದಲ್ಲಿ ಬಂದೆವು. ಉಣಕಲ್ ಕೆರೆಯ ಪಕ್ಕ ಬಂದಾಗ ತಂಗಿ ಕೈ ತೋರಿಸಿದಳು. "ಅಲ್ಲಿ ನೋಡು, ಆ ಬೆಂಚು. ಮಂಗಳವಾರ ಎರಡೂ ಸಲ ಅಲ್ಲೇ ಕುಂತಿದ್ನಿ. ಶೇಂಗಾ ತಿಂದು, ಮಧ್ಯಾಹ್ನತನಕ ಹೊತ್ತು ಕಳದು ಮನಿಗೆ ಬರ್ತಿದ್ನಿ."

"ಯಾಕವ್ವಾ ಹಿಂಗ ಮಾಡಿದಿ?"

"ನೀ ಎಲ್ಲಾರ ಮುಂದ ಎದ್ದು ನಿಂತು ಹೇಳಿಬಿಟ್ಟಿದ್ದೆಲ್ಲಾ. ಹೋಗಿ ತೋರಿಸಿದಾಗ ಏನರ ಸಿಕ್ಕಿದ್ರ? ನೀ ಸುಳ್ಳಿ ಆಗ್ತಿದ್ದಿ. ದೇವ್ರ ಹೆಸರೂ ಕೆಡ್ತಿತ್ತು." ಆಮೇಲೆ ನಕ್ಕಳು. "ದೇವ್ರನ್ನ ಕಾಪಾಡಾಕ ಹೋಗಿದ್ನಿ ನೋಡು ನಾ, ದೊಡ್ಡ ಮನಶ್ಯಾಳು."

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿ ರೇಡಿಯೋ ಸಣ್ಣ ಮಾಡಿದ.

ಆ ತಿಂಗಳು ನನಗೆ ಪ್ರಾರ್ಥನೆ ಮಾಡಲು ಆಗಲಿಲ್ಲ. ಮೊಣಕಾಲೂರಿದರೆ ಕಟಾಂಜನ ಹಿಡಿದ ಅವಳ ಕೈಗಳು ಕಾಣುತ್ತಿದ್ದವು. ಕ್ಷಮಿಸು ಎಂದು ಯಾರನ್ನು ಕೇಳಬೇಕೆಂದೇ ತಿಳಿಯಲಿಲ್ಲ. ತಂಗಿಯನ್ನು ಕೇಳಿದಾಗ ಅವಳು ಹೇಳಿದಳು: "ನನ್ನ ಕೇಳಬ್ಯಾಡ. ಒಂದ ಕೆಲಸ ಮಾಡು. ಎಲ್ಲಿ ನಿಂತು ಹೇಳಿದ್ಯೋ ಅಲ್ಲೇ ನಿಂತು ಖರೇ ಹೇಳು. ನಾ ಇರೂದ್ರಾಗ ಹೇಳು. ನಾ ಸತ್ತ ಮ್ಯಾಲೆ ಗೊತ್ತಾತಂದ್ರ, ಎಲ್ಲಾರಿಗೂ ಮೋಸಾ ಮಾಡಿದಾಕಿ ಅಂತನ ಮಣ್ಣಿಗೆ ಹೋಗ್ತೇನಿ."

ಅವಳು ನನ್ನಿಂದ ಬೇರೇನೂ ಕೇಳಲಿಲ್ಲ. ಎಷ್ಟು ದಿನವಿದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಆದರೂ ನಾನು ಮೂರು ಭಾನುವಾರ ಸುಮ್ಮನೆ ಕಳೆದೆ. ಮೂರನೆಯ ಭಾನುವಾರ ಅವಳಿಗೆ ತಾನೇ ಎದ್ದು ಕೂತುಕೊಳ್ಳಲೂ ಆಗಲಿಲ್ಲ. ಆಗ ನನಗೆ ಭಯವಾಯಿತು.

ವಿಷಯ ಹೇಗೋ ತಿಳಿದು ಸಂಘದ ಹಿರಿಯಕ್ಕ ಮನೆಗೆ ಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡರು. "ಹೇಳಬ್ಯಾಡ್ರಿ ಟೀಚರ್. ನಿಮ್ಮ ಸಾಕ್ಷಿ ಕೇಳಿ ಎಷ್ಟ ಮಂದಿ ಗಟ್ಟಿ ಆಗ್ಯಾರ ನಿಮಗೇನ ಗೊತ್ತು? ಈಗ ಕಸಗೊಂಡ್ರ ಅವ್ರು ಏನು ಹಿಡಕೋಬೇಕು?" ಅವರ ಎಡತೋಳು ಮೈಗೆ ಬಿಗಿದೇ ಇತ್ತು. ವಯಸ್ಸಾಯಿತಲ್ಲ ಅಂದುಕೊಂಡೆ. ನನ್ನ ಈ ಅಂದುಕೊಳ್ಳುವ ಬುದ್ಧಿಗೆ ಆಗಲೂ ಪಾಠವಾಗಿರಲಿಲ್ಲ.

ನಮ್ಮ ಸಭಾಪಾಲಕರು ನಾನು ಕಲಿಸಿದ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಅವರ ಹತ್ತಿರ ಹೋಗಿ ಕೇಳಿದಾಗ, ಹೇಳುವುದನ್ನು ಬರೆದು ತರಲು ಹೇಳಿದರು. ಬರೆದು ಒಯ್ದೆ. ಎರಡು ಸಲ ಓದಿದರು.

"ಎಲ್ಲಾ ಬರದೀರಿ. ಇದರಾಗ ದೇವ್ರು ಎಲ್ಲಿ ಅದಾನ್ರಿ ಟೀಚರ್?"

"ನನಗ ಗೊತ್ತಿಲ್ರಿ ಅಯ್ಯನವರ."

ಹಾಳೆ ವಾಪಸು ಕೊಟ್ಟರು. "ಹಂಗಂತನೂ ಬರೀರಿ."

ಮುಂದಿನ ಭಾನುವಾರ ತಂಗಿಯನ್ನು ಗಾಲಿಕುರ್ಚಿಯಲ್ಲಿ ತಂದು ಹಿಂದಿನ ಬಾಗಿಲ ಬಳಿ, ಫ್ಯಾನಿನ ಕೆಳಗೆ ಕೂಡಿಸಿದೆವು. ಪ್ರಕಟಣೆಗಳಾದ ಮೇಲೆ ನಾನು ಎದ್ದೆ. ಓದಿದ್ದು ಇದು: ಬೆಳೆಹಬ್ಬದಂದು ನಾನು ಹೇಳಿದ್ದು ಡಾಕ್ಟರು ಹೇಳಿದ್ದಲ್ಲ. ಅವರು ಈಗ ಕಾಣುತ್ತಿಲ್ಲ ಎಂದಿದ್ದರು. ನಾನು ಇಲ್ಲ ಎಂದೆ. ನನ್ನ ಮಾತು ಸುಳ್ಳಾಗಬಾರದೆಂದು ನನ್ನ ತಂಗಿ ತಪಾಸಣೆಗೆ ಹೋಗಲಿಲ್ಲ, ನೋವನ್ನು ಆರು ತಿಂಗಳು ಮುಚ್ಚಿಟ್ಟಳು. ರೋಗ ಎಲುಬಿಗೆ ಹೋಗಿದೆ. ಮೋಸ ಮಾಡಿದವಳು ಅವಳಲ್ಲ. ಮಾತು ತಪ್ಪಿ ಹೇಳಿದವಳು ನಾನು. ದೇವರು ಇದರಲ್ಲಿ ಎಲ್ಲಿದ್ದಾನೆ ಎಂದು ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗಂಟು, ನೋವು ಇದ್ದರೆ ಡಾಕ್ಟರಿಗೆ ತೋರಿಸಿ. ನಾನು ಜೊತೆಗೆ ಬರುತ್ತೇನೆ.

ಯಾರೂ ಆಮೆನ್ ಎನ್ನಲಿಲ್ಲ. ಹಾರ್ಮೋನಿಯಂ ನುಡಿಸುವವರು ಯಾವ ಕೀರ್ತನೆ ಎಂಬುದನ್ನೇ ಮರೆತು ಪುಟ ತಿರುವುತ್ತಿದ್ದರು. ಹಿಂತಿರುಗಿ ತಂಗಿಯನ್ನು ನೋಡಿದೆ. ಅವಳು ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದ್ದಳು. ಆ ಆರು ತಿಂಗಳು ಅವಳ ದವಡೆ ಸದಾ ಬಿಗಿದೇ ಇರುತ್ತಿತ್ತೆಂಬುದು, ಅದು ಸಡಿಲಾದದ್ದನ್ನು ಕಂಡಾಗಲೇ ನನಗೆ ತಿಳಿದದ್ದು.

ಹೊರಗೆ ಗೇಟಿನ ಹತ್ತಿರ ಒಬ್ಬರು ಸಭಾಹಿರಿಯರು ನಿಂತಿದ್ದರು. "ವಿಶ್ವಾಸ ಕಡಿಮಿ ಆತು, ಅದಕ್ಕ ತಿರುಗಿ ಬಂತು," ಎಂದರು, ನಮಗೆ ಕೇಳುವಂತೆಯೇ.

ತಂಗಿ ಕುರ್ಚಿ ನಿಲ್ಲಿಸಲು ಹೇಳಿದಳು. "ಕಾಕಾ, ವಿಶ್ವಾಸ ನಿಮ್ಮ ಕಡೆ ಭಾಳ ಐತೆಲ್ಲಾ, ಒಂದೀಟು ಕೊಡ್ರಿ. ಮುಂದಿನ ರವಿವಾರ ತೊಳದು, ಬುಟ್ಟಿ ಸಹಿತ ತಿರುಗಿ ಕೊಡ್ತೇನಿ."

ಬುಧವಾರ ಬೆಳಿಗ್ಗೆ ಸಂಘದ ಹಿರಿಯಕ್ಕ ಮತ್ತೆ ಬಂದರು. ಈ ಸಲವೂ ಕೂತುಕೊಳ್ಳಲಿಲ್ಲ. ಎಡಗಂಕುಳ ಕೆಳಗೆ ಕೈ ಇಟ್ಟು, "ಬೆಳೆಹಬ್ಬಕ್ಕೂ ಮೊದಲಿಂದ ಐತ್ರಿ," ಎಂದರು. "ನಿಮ್ಮ ತಂಗೀಗೆ ಹೋದಂಗ ನನಗೂ ಹೋಗ್ತೈತಿ ಅಂತ ಕುಂತಿದ್ನಿ."

ಒಳಗಿನ ಕೋಣೆಯಿಂದ ತಂಗಿ ಕೂಗಿದಳು. "ಅಕ್ಕಾ, ಮಂಗಳವಾರ ಚೀಟಿ ಲಗೂ ಮಾಡಸಬೇಕು, ಪಾಳಿ ಉದ್ದ ಇರ್ತೈತಿ. ಶೇಂಗಾ ತಿನ್ನಾಕ ಕರಕೊಂಡು ಹೋಗಬ್ಯಾಡ!"

ಹಿರಿಯಕ್ಕನ ಮೊದಲ ತಪಾಸಣೆಗೆ ನಾನು ಹೋದೆ, ಮೊದಲ ಕೀಮೋಗೂ ಹೋದೆ. ಶಾಲೆಗೆ ರಜೆ ಹಾಕಿ, ಉಳಿದ ಹೊತ್ತೆಲ್ಲ ತಂಗಿಯ ಹಾಸಿಗೆಯ ಪಕ್ಕ. ದಿನಾ ಬೆಳಿಗ್ಗೆ ಆರಕ್ಕೆ ನೋವಿನ ಗುಳಿಗೆ ಕೊಟ್ಟ ಮೇಲೆ ಇಬ್ಬರೂ ಪ್ರಾರ್ಥನೆ ಮಾಡತೊಡಗಿದೆವು. ಅವಳೇ ಕಲಿಸಿದ್ದು. ನಾನು ಮೊದಲು ದೊಡ್ಡ ದೊಡ್ಡ ಶಬ್ದಗಳಲ್ಲಿ ಬೇಡುತ್ತಿದ್ದವಳು. ಅವಳು ಏನನ್ನೂ ಬೇಡುತ್ತಿರಲಿಲ್ಲ, ಆದದ್ದನ್ನು ಹೇಳುತ್ತಿದ್ದಳು. "ಕರ್ತನೇ, ನಿನ್ನೆ ಎರಡು ಚಮಚೆ ಗಂಜಿ ಕುಡದೇನಿ. ಒಂದು ಚಮಚೆ ವಾಂತಿ ಆತು. ನಡಾ ಉರಿಯಾಕತ್ತೈತಿ. ಅಕ್ಕ ನಿದ್ದಿ ಮಾಡಿಲ್ಲ. ಇಷ್ಟ. ಆಮೆನ್." ನಾನೂ ಹಾಗೇ ಹೇಳಿದೆ. ಇವತ್ತು ಅವಳ ಮೇಲೆ ಸಿಟ್ಟು ಬಂತು. ಇವತ್ತು ನಿನ್ನ ಮೇಲೂ ಬಂತು. ಇವತ್ತು ಹಾಸಿಗೆ ಹುಣ್ಣು ಸ್ವಲ್ಪ ಒಣಗಿದೆ.

ಸಮಾಧಾನ ಸಿಕ್ಕಿತೇ ಎಂದು ಕೇಳಿದವರಿದ್ದಾರೆ. ಸಿಕ್ಕಿತು, ಆದರೆ ನಾನು ಸಾಕ್ಷಿಯಲ್ಲಿ ಹೇಳುತ್ತಿದ್ದ ಬಗೆಯ ಸಮಾಧಾನವಲ್ಲ. ಆ ಕೋಣೆಯಲ್ಲಿ ನಮ್ಮಿಬ್ಬರಲ್ಲದೆ ಇನ್ನೊಬ್ಬರು ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾರೆ, ಯಾವ ಮಾತನ್ನೂ ತಿದ್ದುತ್ತಿಲ್ಲ ಎಂದು ಅನ್ನಿಸಿತು. ಕೆಲವು ಬೆಳಿಗ್ಗೆ ಅದೂ ಅನ್ನಿಸಲಿಲ್ಲ. ಅದನ್ನೂ ಹೇಳಿದೆ.

ಜನವರಿಯ ಮೊದಲ ವಾರ, ಒಂದು ಗುರುವಾರ ಮಧ್ಯಾಹ್ನ ತಂಗಿ ತೀರಿಕೊಂಡಳು. ನೋವು ಕೊನೆಯವರೆಗೂ ಇತ್ತು. ಶಾಂತವಾಗಿ ಹೋದಳು ಎಂದು ಬಂದವರಿಗೆ ಹೇಳಲು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಗೇಟಿನ ಹತ್ತಿರ ಆ ಮಾತು ಆಡಿದ್ದ ಹಿರಿಯರು ಕೊನೆಗೆ ಬಂದು, ಮಣ್ಣು ಹಾಕಿ ಹೋದರು. ಮರುದಿನ ಬೆಳಿಗ್ಗೆ ಆರಕ್ಕೆ ನಾನು ಒಬ್ಬಳೇ ಹೇಳಿದೆ: ಕರ್ತನೇ, ಹಾಸಿಗೆ ಖಾಲಿ ಇದೆ. ಗುಳಿಗೆ ಒಂಬತ್ತು ಉಳಿದಿವೆ. ಇಷ್ಟೇ.

ನಂತರದ ಮಂಗಳವಾರ ಹಿರಿಯಕ್ಕನಿಗೆ ಸ್ಕ್ಯಾನಿನ ವರದಿ ಬರುವುದಿತ್ತು. ಈ ವಾರ ನೀವು ಬರಬೇಡಿ ಎಂದಿದ್ದರು. ಹೋದೆ. ಚಪ್ಪಲಿಯ ಅಂಚಿಗೆ ಸ್ಮಶಾನದ ಎರೆಮಣ್ಣು ಇನ್ನೂ ಒಣಗಿ ಅಂಟಿತ್ತು. ಡಾಕ್ಟರು ನಮ್ಮಿಬ್ಬರಿಗೂ ವಿವರಿಸಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಹಿರಿಯಕ್ಕ ನನ್ನ ಸೆರಗು ಹಿಡಿದರು.

"ನನ್ನ ತಲ್ಯಾಗ ಏನೂ ನಿಂದರವಲ್ದು. ಏನಂದ್ರು? ನೀವ ಹೇಳ್ರಿ ಟೀಚರ್."

ಅವರ ಕಣ್ಣುಗಳು ನನ್ನ ಬಾಯಿಯ ಮೇಲೆ ನೆಟ್ಟಿದ್ದವು. ಹೋಗಿದೆ ಎಂದರೆ ಸಾಕು, ಅವರು ಎದ್ದು ನಡೆಯುತ್ತಿದ್ದರು.

"ಗಂಟು ಸಣ್ಣದಾಗೈತಿ ಅಂದ್ರು," ಎಂದೆ. "ಪೂರ್ತಿ ಹೋಗಿಲ್ಲ ಅಂದ್ರು. ಇನ್ನೂ ಎರಡು ಕೀಮೋ ಬೇಕು ಅಂದ್ರು. ಆಮ್ಯಾಲೆ ಏನಾಕ್ಕೈತಿ ಅಂತ ಈಗ ಹೇಳಾಕ ಬರೂದಿಲ್ಲ ಅಂದ್ರು."

"ಅಷ್ಟ?"

"ಅಷ್ಟ ರೀ."

ಅವರು ನನ್ನ ಸೆರಗು ಬಿಟ್ಟು, ಮುಂದಿನ ಕೀಮೋದ ಚೀಟಿ ಮಾಡಿಸುವ ಪಾಳಿ ಎಷ್ಟು ಉದ್ದವಿದೆ ಎಂದು ಕತ್ತೆತ್ತಿ ನೋಡಿದರು. ನಾನು ಎದ್ದು ಹೋಗಿ ಪಾಳಿಯಲ್ಲಿ ನಿಂತೆ.