ಮೂರನೇ ಮೂಲೆಯ ಮೆಣಸಿನಕಾಯಿ

ಮೊನ್ನೆ ಹಾವೇರಿಯ ನಮ್ಮ ಮನೆಯಲ್ಲಿ ಸೊಸೆ ಹೊಸ ಮೆಣಸಿನಕಾಯಿಯ ಚೀಲ ಬಿಚ್ಚಿದಳು. ನಾನು, ಅವಳು, ಮೊಮ್ಮಗಳು ಮೂವರೇ ಇದ್ದೆವು. ಅವರಿಬ್ಬರೂ ಸೀನುತ್ತ ಹಿತ್ತಲಿಗೆ ಓಡಿದರು. ನಾನು ಮಾತ್ರ ಒಂದು ಕೆಂಪು ಕಾಯಿ ಹಿಡಿದು ನಗುತ್ತ ನಿಂತೆ. ಆ ಘಾಟು ನನ್ನನ್ನು ಬ್ಯಾಡಗಿಯ ಹಳೆಯ ಓಣಿಗೆ, ಪಕ್ಕದ ಮನೆಯ ವೈನಿಯ ಬಾಗಿಲಿಗೆ ಒಯ್ದು ನಿಲ್ಲಿಸಿತ್ತು...

ವೈನಿ, ಅಂದರೆ ಅತ್ತಿಗೆ ಎಂದು ನಾನು ಕರೆಯುತ್ತಿದ್ದ ಅವರು, ಹಲಗೇರಿಯಿಂದ ಆ ಮನೆಗೆ ಸೊಸೆಯಾಗಿ ಬಂದವರು. ಹತ್ತನೇ ಕ್ಲಾಸಿನಲ್ಲಿ ಗಣಿತವೊಂದು ಕೈಕೊಟ್ಟಿತ್ತು. ಅದು ಪಾಸಾದರೆ ಅಂಗನವಾಡಿ ಟೀಚರ್ ಆಗಬಹುದೆಂಬ ಆಸೆ. ಗಂಡ ಗುಟ್ಟಾಗಿ ಪರೀಕ್ಷೆಯ ಫೀಸು ಕಟ್ಟಿ ಬಂದಿದ್ದರು. ತಮ್ಮ ಅವ್ವನಿಗೆ ಹೇಳುವ ಧೈರ್ಯ ಅವರಿಗೂ ಇರಲಿಲ್ಲ. ಅತ್ತೆಗೆ ಗೊತ್ತಾದರೆ ಎಲ್ಲ ಅಲ್ಲಿಗೇ ಮುಗಿಯಿತು ಎಂದು ವೈನಿಗೆ ಹೆದರಿಕೆ. ಮನೆಯಲ್ಲಿ ಪುಸ್ತಕ ತೆರೆಯುವ ಹಾಗಿರಲಿಲ್ಲ.

ಆ ವರ್ಷ ನಾನೂ ಹತ್ತನೇ ಕ್ಲಾಸು. ಇಬ್ಬರೂ ಸೇರಿ ಒಂದು ಹೂಟ ಹೂಡಿದೆವು. ಸಂಜೆ ನಳದ ಹತ್ತಿರ ನಾನು ತ್ರಿಕೋನದ ಎರಡು ಕೋನ ಹೇಳುವುದು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ವೈನಿ ಆ ತ್ರಿಕೋನವನ್ನು ರಂಗೋಲಿಯಲ್ಲಿ ಎಳೆದು ಮೂರನೇ ಕೋನ ಬರೆಯುವುದು. ಟ್ಯೂಷನ್ನಿಗೆ ಹೋಗುವಾಗ ನಾನು ನೋಡುವುದು. ಸರಿ ಇದ್ದರೆ ನಡುವೆ ದಾಸವಾಳ. ತಪ್ಪಿದ್ದರೆ ಆ ಮೂಲೆಗೆ ಒಣ ಮೆಣಸಿನಕಾಯಿ; ಯಾರೂ ನೋಡುವ ಮೊದಲೇ ವೈನಿ ಅದನ್ನು ಎತ್ತಿಬಿಡುವರು. ಅಕ್ಷರ ಬಾರದ ಅತ್ತೆ, ಹಲಗೇರಿ ಕಡೆಯ ರಂಗೋಲಿಯೇ ಹೀಗಿರಬೇಕು ಅಂದುಕೊಂಡಿದ್ದರು.

ಒಂದು ಅಮಾವಾಸ್ಯೆಯ ಬೆಳಿಗ್ಗೆ ವೈನಿ ಗಡಿಬಿಡಿಯಲ್ಲಿ ತಪ್ಪಿದರು. ಎಪ್ಪತ್ತು, ಐವತ್ತು, ಮತ್ತೆ ಐವತ್ತು! ನಾನು ಮೆಣಸಿನಕಾಯಿ ಇಟ್ಟು ಹೋದೆ. ತಿರುಗಿ ಬರುವಷ್ಟರಲ್ಲಿ ಓಣಿಯೇ ನೆರೆದಿತ್ತು.

“ಯವ್ವಾ, ಮಾಟ ಮಾಡ್ಯಾರ ನೋಡ್ರಿ! ಮೂರು ಮೂಲಿ ಮಂಡಲ, ಅಂಕಿ, ಮ್ಯಾಲ ಮೆಣಸಿನಕಾಯಿ ಬ್ಯಾರೆ!” ಎದುರು ಮನೆಯ ದೊಡ್ಡವ್ವ ಬಾಯಿ ಬಡಿದುಕೊಳ್ಳುತ್ತಿದ್ದಳು.

“ನಾ ದಾಟಂಗಿಲ್ಲ ಬಿಡ್ರಿ. ಹಾಲು ಬೇಕಾದ್ರ ನೀವ ಈ ಕಡೆ ಬರ್ರಿ,” ಎಂದು ಹಾಲಿನವನು ಕ್ಯಾನು ಹಿಡಿದು ದೂರವೇ ನಿಂತಿದ್ದ.

“ಲಗೂನ ಕದರಮಂಡಲಗಿ ಹನುಮಪ್ಪಗ ಕಾಯಿ ಒಡಸ್ರಿ,” ಎಂದು ಇನ್ಯಾರೋ ಅಂದರು.

ಅತ್ತೆ ಹೊರಗೆ ಬಂದರು. “ರಂಗೋಲಿ ನನ್ನ ಸೊಸೀದ. ಅದರ ಮ್ಯಾಲ ಮೆಣಸಿನಕಾಯಿ ಇಟ್ಟವ್ರು ಯಾರು? ದಿನಾ ಮೊದಲ ಹೊರಗ ಕಾಲಿಡಾಕಿ ನನ್ನ ಸೊಸಿ. ಆಕಿಗೆ ಏನಾರ ಆದ್ರ...”

ಆ ನಡುಗುವ ದನಿ ಕೇಳಿ ವೈನಿಗೆ ತಡೆಯಲಾಗಲಿಲ್ಲ. “ಮಾಟ ಅಲ್ರಿ ಅತ್ತಿ, ಲೆಕ್ಕ... ಪರೀಕ್ಷಾ ಕಟ್ಟೇನಿ.”

ಅತ್ತೆ ರಂಗೋಲಿಯ ಹತ್ತಿರ ಬಂದು ಬಗ್ಗಿ ನೋಡಿದರು.

“ಮತ್ತ ಮೆಣಸಿನಕಾಯಿ?”

“ತಪ್ಪಾದ್ರ ಇಡೂದ್ರಿ.”

“ಹಂಗಾರ ಸರಿ ಮಾಡಿ ತೋರಸು.”

ವೈನಿ ಕುಕ್ಕರಗಾಲಿನಲ್ಲಿ ಕುಳಿತರು. “ಮೂರೂ ಕೂಡಿ ನೂರಾ ಎಂಬತ್ತು ಆಗಬೇಕ್ರಿ. ಎಪ್ಪತ್ತು, ಐವತ್ತು ಕೂಡಿದ್ರ ನೂರಾ ಇಪ್ಪತ್ತು. ಉಳಿದದ್ದು...” ಮೂರನೇ ಮೂಲೆಯ ಐವತ್ತನ್ನು ಅಂಗೈಯಿಂದ ಒರೆಸಿ ಅರವತ್ತು ಎಂದು ಬರೆದರು. ನಾನು ಓಡಿಹೋಗಿ ದಾಸವಾಳ ತಂದಿಟ್ಟೆ.

ಅತ್ತೆ ಮೆಣಸಿನಕಾಯಿ ಎತ್ತಿಕೊಂಡು ದೊಡ್ಡವ್ವನ ಕಡೆ ತಿರುಗಿದರು. “ತಪ್ಪಿಗೊಂದು ಮೆಣಸಿನಕಾಯಿ ಅಂದ್ರ ನಿನ್ನ ಬಾಗಲಕ ಚೀಲನ ತರಬೇಕಾಗತೈತಿ!” ಓಣಿಯೆಲ್ಲ ನಕ್ಕಿತು. ಆಮೇಲೆ ಸೊಸೆಗೆ ಹೇಳಿದರು: “ಮುಂಜಾನೆ ರೊಟ್ಟಿ ನಾ ಬಡೀತೀನಿ. ನೀ ಒಳಗ ಕುಂತು ಓದು. ಮಂದೀನ ಅಂಜಸಬ್ಯಾಡ.”

ವೈನಿ ಪಾಸಾದರು. ಆ ದಿನ, ಎಂದೂ ಬಳಪ ಹಿಡಿಯದ ಅತ್ತೆ ಬಾಗಿಲಲ್ಲಿ ಸೊಟ್ಟ ತ್ರಿಕೋನವೊಂದನ್ನು ಎಳೆದು, ಅದರ ತುಂಬ ದಾಸವಾಳ ಸುರಿದರು. ಮುಂದೆ ವೈನಿ ಎಷ್ಟೋ ವರ್ಷ ಅಂಗನವಾಡಿಯ ಟೀಚರ್ ಆಗಿದ್ದರು...

ಹೋದ ವರ್ಷ ಅವರು ತೀರಿಕೊಂಡರು. ನಾನು ಹೋದಾಗ ಸಾವಿನ ಮನೆಯ ಅಂಗಳ ರಂಗೋಲಿಯಿಲ್ಲದೆ ಬೋಳಾಗಿತ್ತು. ಕಾರ್ಯ ಮುಗಿದ ಮರುದಿನ, ಈ ಕಥೆ ಕೇಳಿಯೇ ಬೆಳೆದ ಅವರ ಮಗಳು ಬಾಗಿಲಿಗೆ ನೀರು ಹಾಕಿ ತ್ರಿಕೋನ ಎಳೆದಳು. ಎರಡು ಮೂಲೆಗೆ ಅಂಕಿ ಬರೆದು, ರಂಗೋಲಿ ಡಬ್ಬಿಯನ್ನು ನನ್ನ ಕೈಗಿಟ್ಟಳು. ಕಣ್ಣು ಮಂಜಾಗಿತ್ತು, ಏನೋ ಒಂದು ಬರೆದೆ.

ಅವಳು ನೋಡಿದಳು. ಒಳಗೆ ಹೋಗಿ ಮೆಣಸಿನಕಾಯಿ ತಂದು ಆ ಮೂಲೆಗಿಟ್ಟಳು.